ತೇಲುವ ಗಾಡಿಯ ಮೇಲೆ ಎಷ್ಟು ಹೇರಬಹುದು?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಓರಣ ಮಾಡಿ ಬರೆದಿದ್ದೇನೆ. ಆಫೀಸಿನ ಕ್ಯಾಬಲ್ಲೋ ಮೆಟ್ರೋದಲ್ಲೋ ಕೂತು ಓದುವವರೇ ಹೆಚ್ಚು ಅಂತ ಗೊತ್ತು, ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೀನಿ.

ಕೆನಡಾದ ಉತ್ತರ ಭಾಗದಲ್ಲಿ ಚಳಿಗಾಲಕ್ಕೆ ಮುಂಚೆ ಮೂಸ್ ಬೇಟೆಯ ಕಾಲ. ಮೂಸ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ. ಬಲಿತ ಗಂಡು 450 ಕೆ.ಜಿ. ದಾಟುವುದುಂಟು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಸಾಮಾನ್ಯವಾಗಿ ಅಪರಾಧ. ಅಲ್ಲಿ ಲೈಸೆನ್ಸ್ ತಗೊಂಡು ನಿಗದಿಯಾದ ದಿನಗಳಲ್ಲಿ ಬೇಟೆಯಾಡಬಹುದು. ಆದರೆ ಹೊಡೆದ ಪ್ರಾಣಿಯನ್ನು ಹೊತ್ತು ತರೋದು ಹೇಗೆ? ದಾರಿಯಲ್ಲಿ ಜೌಗು, ಕೆರೆ, ಕೆಸರು, ಮತ್ತೆ ಕೆರೆ. ಜೀಪು ಹೂತುಹೋಗುತ್ತೆ, ದೋಣಿ ನೆಲದ ಮೇಲೆ ನಡೆಯಲ್ಲ.

ಇದಕ್ಕೆ ಉತ್ತರವಾಗಿ 1960ರ ದಶಕದ ಆರಂಭದಲ್ಲಿ ಕೆನಡಾದಲ್ಲೇ ‘ಜಿಗರ್’ ಅನ್ನೋ ಆರು ಚಕ್ರದ ಪುಟ್ಟ ಗಾಡಿ ಬಂತು. 1967ರಲ್ಲಿ ಒಂಟಾರಿಯೋ ಡ್ರೈವ್ ಅಂಡ್ ಗೇರ್ ಕಂಪನಿ ‘ಆರ್ಗೋ’ ತಂದಿತು. ಜಿಗರ್ ಅಳಿಸಿಹೋಯಿತು, ಆರ್ಗೋ ಇವತ್ತಿಗೂ ಇದೆ. ನೋಡೋಕೆ ಚಕ್ರ ಹಚ್ಚಿದ ಬಾತ್‌ಟಬ್ ಥರ. ಪ್ಲಾಸ್ಟಿಕ್ ತೊಟ್ಟಿಯೇ ದೋಣಿಯ ಒಡಲು. ಕಡಿಮೆ ಗಾಳಿ ತುಂಬಿದ ದಪ್ಪ ಟೈರುಗಳೇ ನೀರಿನಲ್ಲಿ ಹುಟ್ಟು. ಮುಂದಿನ ಚಕ್ರ ತಿರುಗಲ್ಲ. ಒಂದು ಬದಿಯ ಚಕ್ರಗಳಿಗೆ ಬ್ರೇಕ್ ಹಾಕಿದರೆ ಗಾಡಿ ಆ ಕಡೆ ತಿರುಗುತ್ತೆ. ನೀರಿನಲ್ಲಿ ನಾವು ನಡೆಯುವಷ್ಟೇ ವೇಗ.

ಈ ತೊಟ್ಟಿಯಲ್ಲಿ ಜಾಗ ಕಮ್ಮಿ. ಟೆಂಟು, ಹಾಸಿಗೆ, ಬಂದೂಕಿನ ಪೆಟ್ಟಿಗೆ, ಪೆಟ್ರೋಲ್ ಕ್ಯಾನು, ಕೊನೆಗೆ ಮಾಂಸ. ಹಾಗಾಗಿ ಬೇಟೆಗಾರರು ತಾವೇ ಪೈಪು ಬಗ್ಗಿಸಿ, ವೆಲ್ಡಿಂಗ್ ಮಾಡಿ, ಮೇಲೊಂದು ಕ್ಯಾರಿಯರ್ ಕಟ್ಟಿಕೊಳ್ತಾರೆ. ನಮ್ಮೂರ ಟೆಂಪೋ ಮೇಲಿನ ಕ್ಯಾರಿಯರ್ ಇದೆಯಲ್ಲ, ಅದೇ. ಆದರೆ ಟೆಂಪೋ ತೇಲಬೇಕಾಗಿಲ್ಲ. ತೇಲುವ ಗಾಡಿಯ ಲೆಕ್ಕವೇ ಬೇರೆ.

ಹಂಪಿಯಲ್ಲಿ ಹರಿಗೋಲು ಹತ್ತಿದವರಿಗೆ ಈ ಲೆಕ್ಕ ಗೊತ್ತು. ಅಂಬಿಗ ಮೊದಲು ಹೇಳೋದೇ ‘ಕೂತ್ಕೊಳ್ಳಿ, ಏಳಬೇಡಿ’ ಅಂತ. ಎದ್ದರೂ ಕೂತರೂ ನಿಮ್ಮ ತೂಕ ಅಷ್ಟೇ, ಆದರೆ ಎದ್ದಾಗ ಆ ತೂಕದ ಕೇಂದ್ರ ಮೇಲೇರುತ್ತೆ. ಸ್ವಲ್ಪ ವಾಲಿದರೂ ವಾಪಸ್ ನೆಟ್ಟಗಾಗುವ ಶಕ್ತಿ ದೋಣಿಗೆ ಕಮ್ಮಿಯಾಗುತ್ತೆ. ಅದಕ್ಕೇ ಇಂಥ ಗಾಡಿಗಳಿಗೆ ನೆಲದ ಮೇಲೆ ಒಂದು ಭಾರಮಿತಿ, ನೀರಿನ ಮೇಲೆ ಅದಕ್ಕಿಂತ ಕಮ್ಮಿ ಮಿತಿ ಇರುತ್ತೆ. ಬಲ್ಲವರು ಕ್ಯಾರಿಯರ್ ಮೇಲೆ ಹಾಸಿಗೆ, ಬಟ್ಟೆಯಂಥ ಹಗುರ ಸಾಮಾನು ಮಾತ್ರ ಇಡ್ತಾರೆ. ಮಾಂಸ, ಪೆಟ್ರೋಲ್ ಎಲ್ಲ ತೊಟ್ಟಿಯ ತಳಕ್ಕೆ. ಬೋಲ್ಟಿಗೆ ತೂತು ಕೊರೆಯುವುದು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲೆ.

ಈ ಪಾಠ ಬೇಟೆಗಾರರಿಗಿಂತ ಮೊದಲೇ, ಯುದ್ಧದಲ್ಲಿ ಶುರುವಾಗಿತ್ತು. 1942ರಲ್ಲಿ ಅಮೆರಿಕದಲ್ಲಿ ಜಿಎಂಸಿ ಲಾರಿಯೊಂದಕ್ಕೆ ದೋಣಿಯ ಒಡಲು ತೊಡಿಸಿದರು. ವಿನ್ಯಾಸದಲ್ಲಿ ಕೈಜೋಡಿಸಿದವರು ವಿಹಾರನೌಕೆ ಕಟ್ಟುತ್ತಿದ್ದ ರಾಡ್ ಸ್ಟೀಫನ್ಸ್. ಹೆಸರು ಡಿಯುಕೆಡಬ್ಲ್ಯೂ, ಬಾಯಲ್ಲಿ ‘ಡಕ್’. ಸೈನ್ಯಕ್ಕೆ ಮೊದಲು ಇದರಲ್ಲಿ ಆಸಕ್ತಿಯೇ ಇರಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಪ್ರಾವಿನ್ಸ್‌ಟೌನ್ ಬಳಿ ಬಿರುಗಾಳಿಗೆ ಕರಾವಳಿ ಪಡೆಯ ದೋಣಿಯೊಂದು ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು. ಪರೀಕ್ಷೆಗೆಂದು ಅಲ್ಲಿದ್ದ ಡಕ್ ಹೋಗಿ ಏಳು ಜನರನ್ನು ಉಳಿಸಿಕೊಂಡು ಬಂತು. ಅಲ್ಲಿಂದ ಅದರ ಅದೃಷ್ಟ ಖುಲಾಯಿಸಿತು. ಯುದ್ಧ ಮುಗಿಯುವಷ್ಟರಲ್ಲಿ 21,000ಕ್ಕೂ ಹೆಚ್ಚು ತಯಾರಾದವು.

ಈಗ 1944ರ ಜೂನ್ 6, ನಾರ್ಮಂಡಿ. ಪಾಯಿಂಟ್ ದ್ಯು ಹಾಕ್ ಅನ್ನೋ ಸುಮಾರು 30 ಮೀಟರ್ ಎತ್ತರದ ಕಡಿದಾದ ಬಂಡೆ. ಅದನ್ನು ಹತ್ತಬೇಕಾಗಿದ್ದು ಕರ್ನಲ್ ಜೇಮ್ಸ್ ರಡರ್ ಅವರ ಸುಮಾರು 225 ರೇಂಜರ್‌ಗಳು. ಲಂಡನ್ನಿನ ಅಗ್ನಿಶಾಮಕ ದಳದಿಂದ 100 ಅಡಿಯ ಏಣಿಗಳನ್ನು ತಂದು ನಾಲ್ಕು ಡಕ್‌ಗಳ ಮೇಲೆ ಕೂರಿಸಿದ್ದರು. ಏಣಿಯ ತುದಿಯಲ್ಲಿ ಮೆಷಿನ್ ಗನ್. ಕಾಗದದ ಮೇಲೆ ಅದ್ಭುತ ಐಡಿಯಾ.

ಆಗಿದ್ದೇನು? ಒಂದು ಡಕ್ ದಾರಿಯಲ್ಲೇ ಮುಳುಗಿತು. ಉಳಿದವು ದಡ ಮುಟ್ಟಿದರೂ ನಮ್ಮವರೇ ಹಾಕಿದ ಬಾಂಬಿನ ಗುಂಡಿಗಳಿಂದಾಗಿ ಬಂಡೆಯ ಬುಡಕ್ಕೆ ಹೋಗಲಾಗಲಿಲ್ಲ. ‘ನಮ್ಮವರು’ ಅಂದರೆ ರೇಂಜರ್‌ಗಳ ಲೆಕ್ಕದಲ್ಲಿ. ಒಂದು ಡಕ್ಕಿನವರು ಹಾಗೇ ಏಣಿ ಎತ್ತಿದರು. ತುದಿಗೇರಿದ ಸಾರ್ಜೆಂಟ್ ಗಡಿಯಾರದ ಲೋಲಕದ ಥರ ಆ ಕಡೆ ಈ ಕಡೆ ತೂಗಾಡುತ್ತಾ, ಬಂಡೆಯ ಮೇಲ್ಭಾಗ ಎದುರಿಗೆ ಬಂದಾಗಲೆಲ್ಲ ಗುಂಡು ಹಾರಿಸಿದ. ಆಮೇಲೆ ಇಳಿಸಬೇಕಾಯಿತು. ರೇಂಜರ್‌ಗಳು ಬಂಡೆ ಹತ್ತಿದ್ದು ರಾಕೆಟ್ಟಿನಿಂದ ಹಾರಿಸಿದ ಹಗ್ಗ ಹಿಡಿದು, ಕೈಯಲ್ಲಿ ಹೊತ್ತು ತಂದ ತುಂಡು ಏಣಿಗಳನ್ನು ಜೋಡಿಸಿ. ಎರಡು ದಿನದ ಕೊನೆಗೆ ಹೋರಾಡುವ ಸ್ಥಿತಿಯಲ್ಲಿದ್ದವರು ಸುಮಾರು 90 ಮಂದಿ. ಏಣಿ ಗಟ್ಟಿಯಾಗೇ ಇತ್ತು, ಡಕ್ಕೂ ಗಟ್ಟಿಯಾಗೇ ಇತ್ತು. ಎರಡನ್ನೂ ಸೇರಿಸಿದಾಗ ಬೇಕಾಗಿದ್ದ ಸಮತಟ್ಟು ನೆಲ ಮಾತ್ರ ಅವತ್ತು ಅಲ್ಲಿ ಇರಲಿಲ್ಲ.

ಕಥೆಯ ಕೊನೆಯ ಭಾಗ ಇದಕ್ಕಿಂತ ನೋವಿನದು. ಯುದ್ಧದ ನಂತರ ಈ ಡಕ್‌ಗಳು ಪ್ರವಾಸಿಗರ ಗಾಡಿಗಳಾದವು. ಬಿಸಿಲು ಮಳೆಗೆ ಅಂತ ಕಬ್ಬಿಣದ ಚೌಕಟ್ಟು ಕಟ್ಟಿ ಮೇಲೆ ಚಾವಣಿ ಹಾಕಿದರು. ಯಾರಿಗೂ ಅದು ದೊಡ್ಡ ಬದಲಾವಣೆ ಅನ್ನಿಸಲಿಲ್ಲ. 1999ರ ಮೇ 1ರಂದು ಆರ್ಕನ್ಸಾದ ಹ್ಯಾಮಿಲ್ಟನ್ ಕೆರೆಯಲ್ಲಿ ‘ಮಿಸ್ ಮೆಜೆಸ್ಟಿಕ್’ ಅನ್ನೋ ಡಕ್ ಮುಳುಗಿ 13 ಜನ ಸತ್ತರು. ನೀರು ನುಗ್ಗಿದ್ದು ಸರಿಯಾಗಿ ಬಿಗಿಯದ ರಬ್ಬರ್ ಸೀಲಿನ ಹತ್ತಿರ. ಆದರೆ ಜನ ಹೊರಬರಲಾಗದಂತೆ ತಡೆದದ್ದು ಆ ಚಾವಣಿ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಸ್ಪಷ್ಟವಾಗಿ ಹೇಳಿತು: ನೀರು ತುಂಬಿದರೂ ತೇಲುವಂತೆ ಮಾಡಿ, ಅಲ್ಲಿಯವರೆಗೆ ಚಾವಣಿ ತೆಗೆಯಿರಿ. ಹೆಚ್ಚಿನವರು ತೆಗೆಯಲಿಲ್ಲ. ಕಡ್ಡಾಯ ಮಾಡುವವರೂ ಇರಲಿಲ್ಲ.

2018ರ ಜುಲೈ 19. ಮಿಸ್ಸೋರಿಯ ಟೇಬಲ್ ರಾಕ್ ಕೆರೆ. ಬಿರುಗಾಳಿಯ ಎಚ್ಚರಿಕೆ ಬಂದಿದ್ದರೂ ನೀರಿಗಿಳಿದ ಡಕ್ಕಿನಲ್ಲಿ 31 ಜನ ಇದ್ದರು, 17 ಜನ ಸತ್ತರು. ಅದೇ ಚಾವಣಿ, ಜೊತೆಗೆ ಪಕ್ಕದ ಪರದೆ. ಚಾವಣಿ ತೆಗೆಯಬೇಕು ಅನ್ನೋ ಕಾನೂನು ಬಂದಿದ್ದು 2022ರ ಡಿಸೆಂಬರಿನಲ್ಲಿ. ಮೊದಲ ದುರಂತವಾಗಿ 23 ವರ್ಷ ಕಳೆದಿತ್ತು.

ನಾವು ಸಾಫ್ಟ್‌ವೇರಿನವರು. ಓಡ್ತಿರೋ ಹಳೇ ಸಿಸ್ಟಂ ಮೇಲೆ ‘ಇದೊಂದು ಚಿಕ್ಕ ಫೀಚರ್’ ಅಂತ ಏನನ್ನಾದರೂ ಕೂರಿಸುವುದು ನಮ್ಮ ದಿನನಿತ್ಯದ ಕೆಲಸ. ನಾನು ಈ ಇತಿಹಾಸ ಓದುವಾಗ ನನ್ನನ್ನು ಕಾಡಿದ್ದು ಚಾವಣಿ ಕಟ್ಟಿದವರಲ್ಲ. ಅವರಿಗೆ ಬಿಸಿಲು ಕಾಣಿಸಿತ್ತು, ಮುಳುಗುವುದು ಕಾಣಿಸಿರಲಿಲ್ಲ, ಅಷ್ಟೇ. ಕಾಡಿದ್ದು 13 ಹೆಣ ಎಣಿಸಿ, ಕಾರಣ ಬರೆದು, ಪರಿಹಾರವನ್ನೂ ಬರೆದ ವರದಿ ಕಪಾಟಿನಲ್ಲಿ ಕೂತಿದ್ದು. ಮೂಸ್ ಬೇಟೆಗಾರ ತನ್ನ ಕ್ಯಾರಿಯರನ್ನು ಮೊದಲು ಮೊಣಕಾಲುದ್ದದ ನೀರಿನಲ್ಲಿ ಪರೀಕ್ಷೆ ಮಾಡುವುದು ಯಾಕೆ ಅಂದರೆ, ಆ ಗಾಡಿಯಲ್ಲಿ ಕೂರುವವನು ಅವನೇ. ಚಾವಣಿ ತೆಗೆಯದೆ ಬಿಟ್ಟವರು ಆ ಸೀಟಿನಲ್ಲಿ ಕೂತಿರಲಿಲ್ಲ.

ಮುಂದಿನ ವಾರ ಸಿಗೋಣ.