ಗಣಿಕೆ ಸೊಪ್ಪು

ಗಣಿಕೆ ಸೊಪ್ಪು ಸೊಲನೇಸಿ (ಬದನೆ) ಕುಟುಂಬಕ್ಕೆ ಸೇರಿದ ಒಂದು ಸಣ್ಣ ಮೂಲಿಕೆ. ಇದರ ವೈಜ್ಞಾನಿಕ ಹೆಸರು ಸೊಲನಮ್ ನೈಗ್ರಮ್. ಸಂಸ್ಕೃತದಲ್ಲಿ ಇದನ್ನು ಕಾಕಮಾಚಿ ಎನ್ನುತ್ತಾರೆ. ಬದನೆ, ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿಗಳಂಥ ಆಹಾರ ಬೆಳೆಗಳೂ ದತ್ತೂರಿ, ಬೆಲ್ಲಡೋನಗಳಂಥ ಉಗ್ರ ವಿಷಸಸ್ಯಗಳೂ ಇದೇ ಕುಟುಂಬದವು.

ಲಕ್ಷಣಗಳು
ಹೊಲಗಳಲ್ಲಿಯೂ ಪಾಳುನೆಲದಲ್ಲಿಯೂ ಕಳೆಯಾಗಿ ಬೆಳೆಯುತ್ತದೆ. ಹೂಗಳು ಚಿಕ್ಕವು, ಬಿಳಿ ಬಣ್ಣದವು. ಗೊಂಚಲಿನಲ್ಲಿ ಬಿಡುವ ಹಸಿರು ಕಾಯಿಗಳು ಮಾಗಿದಾಗ ಸಾಮಾನ್ಯವಾಗಿ ಕಪ್ಪಾಗುತ್ತವೆ.

ಉಪಯೋಗಗಳು
ದಕ್ಷಿಣ ಭಾರತದಲ್ಲಿ ಎಲೆಗಳನ್ನು ಬೇಯಿಸಿ ಸಾರು, ಪಲ್ಯ ಮಾಡುತ್ತಾರೆ. ಚೆನ್ನಾಗಿ ಮಾಗಿದ ಹಣ್ಣನ್ನು ತಿನ್ನುವುದುಂಟು.

ವಿಷಗುಣ
ಹಸಿರು ಕಾಯಿಗಳಲ್ಲಿ ಸೊಲನಿನ್ ಮೊದಲಾದ ವಿಷಕಾರಿ ಕ್ಷಾರಾಭಗಳಿವೆ. ಇವು ವಾಂತಿ, ಭೇದಿ, ಹೊಟ್ಟೆನೋವನ್ನು ಉಂಟುಮಾಡುತ್ತವೆ. ಬೇಯಿಸಿದರೂ ಸೊಲನಿನ್ ಪೂರ್ಣವಾಗಿ ನಾಶವಾಗುವುದಿಲ್ಲ.

ಬೆಲ್ಲಡೋನದೊಡನೆ ವ್ಯತ್ಯಾಸ
ಯುರೋಪ್ ಮತ್ತು ಪಶ್ಚಿಮ ಏಷ್ಯಾಗಳಲ್ಲಿ ಬೆಳೆಯುವ ಬೆಲ್ಲಡೋನದ ಹಣ್ಣೂ ಕಪ್ಪಾಗಿರುವುದರಿಂದ ಎರಡನ್ನೂ ಒಂದೇ ಎಂದು ಭ್ರಮಿಸುವ ಅಪಾಯವಿದೆ. ಆದರೆ ಬೆಲ್ಲಡೋನದ ಹೂ ಗಂಟೆಯಾಕಾರದ್ದು, ಮಾಸಲು ನೇರಳೆ ಬಣ್ಣದ್ದು. ಹಣ್ಣು ಗಣಿಕೆಯದಕ್ಕಿಂತ ದೊಡ್ಡದು. ಗೊಂಚಲಿನಲ್ಲಿರದೆ ಒಂಟಿಯಾಗಿ, ನಕ್ಷತ್ರದಂತೆ ಹರಡಿದ ಐದು ಹಸಿರು ಪುಷ್ಪಪತ್ರಗಳ ಮೇಲೆ ಕುಳಿತಿರುತ್ತದೆ. ಅದರಲ್ಲಿರುವ ಅಟ್ರೋಪಿನ್ ವರ್ಗದ ಕ್ಷಾರಾಭಗಳಿಂದ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಹೃದಯಬಡಿತ ಹೆಚ್ಚುತ್ತದೆ, ಬುದ್ಧಿಭ್ರಮಣೆಯಾಗುತ್ತದೆ. ಕೆಲವೇ ಹಣ್ಣುಗಳು ಮಕ್ಕಳಿಗೆ ಮಾರಕವಾಗಬಲ್ಲವು. ಕರ್ನಾಟಕದಲ್ಲಿ ಸಾಮಾನ್ಯವಾಗಿರುವ ದತ್ತೂರಿಯಲ್ಲಿಯೂ ಇದೇ ವರ್ಗದ ವಿಷವಿದೆ.