ಹುಣಸಮಾರನಹಳ್ಳಿಯ ವಿದೇಶಿ ಬಾಡಿಗೆದಾರ ಯಾರ ಹೊಣೆ?

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮೊಹರು ಒತ್ತುವುದು ಕೇಂದ್ರ ಗೃಹ ಸಚಿವಾಲಯದ ವಲಸೆ ಬ್ಯೂರೊ. ಅದೇ ವಿದೇಶಿ ಬಳ್ಳಾರಿ ರಸ್ತೆ ಹಿಡಿದು ಹುಣಸಮಾರನಹಳ್ಳಿಗೆ ಬಂದು ಮನೆ ಮಾಡಿಕೊಂಡರೆ, ವೀಸಾ ಮುಗಿದ ಮೇಲೆ ಬಾಗಿಲು ತಟ್ಟುವವರು ರಾಜ್ಯದ ಪೊಲೀಸರು. ಆತನನ್ನು ಹೊರಗೆ ಕಳಿಸುವ ಅಧಿಕಾರ ಯಾರದು?

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಗೊಂದಲವಿಲ್ಲ. ಪೌರತ್ವ ಮತ್ತು ವಿದೇಶಿಯರು ಕೇಂದ್ರ ಪಟ್ಟಿಯ 17ನೇ ನಮೂದು; ದೇಶಕ್ಕೆ ಪ್ರವೇಶ, ಗಡೀಪಾರು, ವೀಸಾ 19ನೇ ನಮೂದು. ಪೊಲೀಸ್ ಮತ್ತು ಕಾರಾಗೃಹ ಮಾತ್ರ ರಾಜ್ಯ ಪಟ್ಟಿಯಲ್ಲಿವೆ. ಎರಡನ್ನೂ ಬೆಸೆಯುವುದು 258ನೇ ವಿಧಿ. ರಾಜ್ಯದ ಒಪ್ಪಿಗೆ ಪಡೆದು ರಾಷ್ಟ್ರಪತಿ ಕೇಂದ್ರದ ಕೆಲಸವನ್ನು ರಾಜ್ಯಕ್ಕೆ ವಹಿಸಬಹುದು. 1946ರ ವಿದೇಶಿಯರ ಕಾಯ್ದೆಯ ಅಧಿಕಾರಗಳನ್ನು 1958ರ ಏಪ್ರಿಲ್ 19ರ ಅಧಿಸೂಚನೆ ಹೀಗೆಯೇ ರಾಜ್ಯಗಳಿಗೆ ವಹಿಸಿತು. ಹಾಗಾಗಿ ಬೆಂಗಳೂರಿನ ಪೊಲೀಸರು ವಿದೇಶಿಯನ್ನು ಹಿಡಿದಾಗ ಚಲಾಯಿಸುವುದು ಕೇಂದ್ರದಿಂದ ಎರವಲು ಬಂದ ಅಧಿಕಾರವನ್ನು.

ಅಮೆರಿಕದ ದಾರಿ ಬೇರೆ. ಅರಿಜೋನಾ ರಾಜ್ಯ ತಾನೇ ಮಾಡಿಕೊಂಡ ವಲಸೆ ಕಾನೂನಿನಲ್ಲಿ ಪ್ರಶ್ನೆಗೊಳಗಾದ ನಾಲ್ಕು ಕಲಮುಗಳ ಪೈಕಿ ಮೂರನ್ನು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ತಳ್ಳಿಹಾಕಿತು. ನಮ್ಮಲ್ಲಿ ತಕರಾರು ಕಾನೂನಿನದಕ್ಕಿಂತ ಕಡತದ್ದು.

ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ಕಾಲೇಜು, ದಂತ ವೈದ್ಯಕೀಯ ಕಾಲೇಜು ಇರುವ ಹುಣಸಮಾರನಹಳ್ಳಿಯಲ್ಲಿ ವಿದೇಶಿಗೆ ಕೋಣೆ ಕೊಟ್ಟವರು 24 ಗಂಟೆಯೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೆ (ಎಫ್‌ಆರ್‌ಆರ್‌ಒ) ವಿವರ ಸಲ್ಲಿಸಬೇಕು. ಬೆಂಗಳೂರಿನ ಆ ಕಚೇರಿ ಕೇಂದ್ರದ್ದು. ಆದರೆ ರಾಜ್ಯದ ಬೇರೆ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಜಿಲ್ಲಾ ಎಸ್‌ಪಿಯೇ ನೋಂದಣಿ ಅಧಿಕಾರಿ!

ನಿಜವಾದ ತೊಡಕು ಬಂಧನದ ನಂತರದ್ದು. ನೆಲಮಂಗಲದ ಬಳಿ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕಟ್ಟಡವೇ ವಿದೇಶಿಯರ ತಡೆಕೇಂದ್ರವಾಗಿದೆ. ಅಲ್ಲಿನ ಊಟ, ಕಾವಲು ರಾಜ್ಯದ ತಲೆಗೆ. ಬಂಧಿತನನ್ನು ಕಳಿಸಬೇಕಾದರೆ ಆತ ತಮ್ಮವನೆಂದು ಅವನ ದೇಶ ಒಪ್ಪಿ ಪ್ರಯಾಣ ಪತ್ರ ಕೊಡಬೇಕು. ಆ ಪತ್ರವ್ಯವಹಾರ ಸಾಮಾನ್ಯವಾಗಿ ವಿದೇಶಾಂಗ ಸಚಿವಾಲಯದ ಮೂಲಕ ಆಗುತ್ತದೆ. ಕೂಡಿಹಾಕಲು ರಾಜ್ಯಕ್ಕೆ ಅಧಿಕಾರವಿದೆ, ಬಿಡುಗಡೆಯ ಕೀಲಿ ದೆಹಲಿಯಲ್ಲಿದೆ. ‘ರಾಜ್ಯ ಸುಮ್ಮನಿದೆ’, ‘ಕೇಂದ್ರ ಗಡಿ ಕಾಯಲಿಲ್ಲ’ ಎಂಬ ಎರಡೂ ಆರೋಪಗಳು ಈ ಮಧ್ಯದ ಕಾಯುವಿಕೆಯನ್ನು ಗಮನಿಸುವುದಿಲ್ಲ.

2025ರ ಸೆಪ್ಟೆಂಬರ್ 1ರಂದು ಜಾರಿಯಾದ ವಲಸೆ ಮತ್ತು ವಿದೇಶಿಯರ ಕಾಯ್ದೆ ಹಳೆಯ ನಾಲ್ಕು ಕಾಯ್ದೆಗಳನ್ನು ರದ್ದುಮಾಡಿತು. ಆದರೆ ಏಳನೆಯ ಅನುಸೂಚಿಯ ಹಂಚಿಕೆ ಇದ್ದಂತೆಯೇ ಇದೆ. ವಹಿಸಿದ ಕೆಲಸಕ್ಕೆ ತಗಲುವ ಹೆಚ್ಚುವರಿ ಆಡಳಿತ ವೆಚ್ಚವನ್ನು ಕೇಂದ್ರ ಭರಿಸಬೇಕೆಂದು 258(3) ಹೇಳುತ್ತದೆ. ಮುಂದೆ ಈ ವಿಷಯ ಎತ್ತಿಕೊಳ್ಳುವವರು ಭಾಷಣಗಳನ್ನು ಬದಿಗಿಟ್ಟು, ಸೊಂಡೆಕೊಪ್ಪದ ಖರ್ಚಿನ ಲೆಕ್ಕದಿಂದ ಶುರುಮಾಡುವುದು ಒಳ್ಳೆಯದು.