ಒಳಾಂಗಣ ಕ್ರೀಡಾಂಗಣದ ನೆಲಹಾಸು

ಒಂದೇ ಸೂರಿನಡಿ ಬ್ಯಾಡ್ಮಿಂಟನ್, ವಾಲಿಬಾಲ್, ಕಬಡ್ಡಿ, ಬ್ಯಾಸ್ಕೆಟ್‌ಬಾಲ್ ಆಡಿಸುವ ಕ್ರೀಡಾಂಗಣದಲ್ಲಿ ಆಟಗಾರರ ಪಾದಕ್ಕೂ ಕಾಂಕ್ರೀಟಿಗೂ ನಡುವೆ ಇರುವ ಪದರಗಳೆಲ್ಲ ಸೇರಿ ನೆಲಹಾಸು. ಚಾವಣಿ, ದೀಪ, ಗ್ಯಾಲರಿಗಳಿಗೆ ಸಿಗುವಷ್ಟು ಗಮನ ಇದಕ್ಕೆ ಸಿಗುವುದಿಲ್ಲ. ಮಂಡಿ, ಹಿಮ್ಮಡಿಗಳ ನೋವು ಮಾತ್ರ ಹಲವು ಸಲ ಇಲ್ಲಿಂದಲೇ ಶುರು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕು ಕೇಂದ್ರಗಳಲ್ಲಿ ಇಂಥ ಕಟ್ಟಡ ಆಟಕ್ಕಷ್ಟೇ ಮೀಸಲಾಗಿ ಉಳಿಯುವುದೂ ಅಪರೂಪ. ಸಮಾರಂಭ, ಸಭೆ, ತರಬೇತಿ ಶಿಬಿರಗಳಿಗೂ ಅದೇ ಬೇಕು. ನೆಲ ಆರಿಸುವ ಕಷ್ಟ ಇರುವುದು ಅಲ್ಲೇ.

ಆಟಕ್ಕೆಂದೇ ಹದಮಾಡಿದ ಒಳಾಂಗಣ ನೆಲ ಕನ್ನಡ ನಾಡಿಗೆ ಹೊಸದೇನಲ್ಲ. ಗರಡಿ ಮನೆಯ ಮಟ್ಟಿಗೆ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ ಬೆರೆಸಿ, ಆಗಾಗ ಗುದ್ದಲಿಯಿಂದ ಅಗೆದು ಸಡಿಲ ಮಾಡುತ್ತಿದ್ದರು. ಬೆನ್ನು ಅಡಿಯಾಗಿ ಬಿದ್ದ ಪೈಲ್ವಾನನ ಪೆಟ್ಟನ್ನು ಆ ಮಣ್ಣು ನುಂಗಿಕೊಳ್ಳುತ್ತಿತ್ತು. ಈಗಿನ ಪ್ರಯೋಗಾಲಯಗಳು ಅಳೆಯುವುದೂ ಅದೇ ಗುಣವನ್ನು.

ಅಳೆಯುವ ಬಗೆ ಸ್ವಾರಸ್ಯವಾಗಿದೆ. 20 ಕಿಲೋ ತೂಕವನ್ನು ನೆಲದ ಮೇಲೆ ನಿಲ್ಲಿಸಿದ ಸ್ಪ್ರಿಂಗ್ ಮೇಲೆ 55 ಮಿಲಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಬರಿಯ ಕಾಂಕ್ರೀಟಿನ ಮೇಲೆ ದಾಖಲಾಗುವ ಬಲಕ್ಕಿಂತ ಇಲ್ಲಿ ಎಷ್ಟು ಕಡಿಮೆ ಬಂತೋ ಅಷ್ಟು ಶೇಕಡಾ ಆ ನೆಲದ ಆಘಾತ ಹೀರಿಕೆ. 2006ರ ಯುರೋಪಿನ ಇಎನ್ 14904 ಮಾನದಂಡದಂತೆ ಇದು ಶೇ 25ರಿಂದ 75ರೊಳಗೆ ಇರಬೇಕು. ನೆಲ 5 ಮಿಲಿಮೀಟರಿಗಿಂತ ಹೆಚ್ಚು ತಗ್ಗಬಾರದು. ಬ್ಯಾಸ್ಕೆಟ್‌ಬಾಲ್ ಕಾಂಕ್ರೀಟಿನ ಮೇಲೆ ಪುಟಿಯುವುದರ ಶೇ 90ರಷ್ಟಾದರೂ ಪುಟಿಯಬೇಕು. ಲೋಲಕ ಪರೀಕ್ಷೆಯಲ್ಲಿ ಘರ್ಷಣೆ 80ರಿಂದ 110ರ ನಡುವೆ ಬರಬೇಕು. ಅದಕ್ಕಿಂತ ಕಡಿಮೆಯಾದರೆ ಕಾಲು ಜಾರುತ್ತದೆ, ಹೆಚ್ಚಾದರೆ ಶೂ ಕಚ್ಚಿಕೊಂಡು ಮಂಡಿ ತಿರುಚುತ್ತದೆ.

ಒತ್ತಡಕ್ಕೆ ನೆಲ ಸ್ಪಂದಿಸುವ ಬಗೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಅಡಿಯಲ್ಲಿ ಪಟ್ಟಿ, ರಬ್ಬರ್ ಗುಂಡಿಗಳನ್ನು ಕೊಟ್ಟು ಕೂರಿಸಿದ ಮರದ ನೆಲ ಅಗಲವಾಗಿ ಬಾಗುತ್ತದೆ. ನೊರೆ ಬೆನ್ನಿನ ವಿನೈಲ್ ಅಥವಾ ರಬ್ಬರ್ ಮೆತ್ತೆಯ ಮೇಲೆ ಸುರಿದ ಪಾಲಿಯುರೆಥೇನ್ ಪಾದ ಊರಿದ ಜಾಗದಲ್ಲಷ್ಟೇ ತಗ್ಗುತ್ತದೆ. ಈ ವ್ಯತ್ಯಾಸವನ್ನು ಕೊಳ್ಳುವವರು ಗಮನಿಸುವುದು ಕಡಿಮೆ. ಅಗಲವಾಗಿ ಬಾಗುವ ನೆಲವನ್ನು ಅಲುಗಿಸಲು ಮೈತೂಕ ಬೇಕು. 30 ಕಿಲೋ ತೂಗುವ ಶಾಲಾ ಹುಡುಗಿಗೆ ಅದು ಹೆಚ್ಚುಕಡಿಮೆ ಗಟ್ಟಿ ನೆಲವೇ. ತಾಲ್ಲೂಕು ಕ್ರೀಡಾಂಗಣದಲ್ಲಿ ಹೆಚ್ಚು ಹೊತ್ತು ಆಡುವವರು ಶಾಲಾ ಕಾಲೇಜಿನ ಮಕ್ಕಳಾದರೆ, ದುಬಾರಿ ಮರಕ್ಕಿಂತ ಮೆತ್ತೆಯ ನೆಲವೇ ಅವರಿಗೆ ಹಿತ.

ಹಾಗೆಂದು ಮರದ ಪ್ರತಿಷ್ಠೆ ಸುಮ್ಮನೆ ಬಂದದ್ದಲ್ಲ. ಗಟ್ಟಿ ಮೇಪಲ್ ಹಲಗೆಯ ಮೇಲೆ ಚೆಂಡಿನ ಪುಟಿತ ಎಲ್ಲೆಡೆ ಒಂದೇ ಸಮ; ಸವೆದಾಗ ಮರಳುಕಾಗದ ಹಿಡಿದು ಹೊಸ ಲೇಪ ಕೊಟ್ಟರೆ ದಶಕಗಟ್ಟಲೆ ಬಾಳುತ್ತದೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಬಹುಕಾಲ ದೊಡ್ಡ ಸ್ಪರ್ಧೆಗಳಿಗೆ ಮರವನ್ನೇ ಬಯಸಿತು. (2023ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ 19 ವರ್ಷದೊಳಗಿನ ಮಹಿಳೆಯರ ವಿಶ್ವಕಪ್ ಗಾಜಿನ ನೆಲದ ಮೇಲೆ ನಡೆಯಿತು ಎಂಬುದು ಬೇರೆ ಮಾತು.) ಆದರೆ ಮರಕ್ಕೆ ವರ್ಷವಿಡೀ ಹೆಚ್ಚು ಏರಿಳಿತವಿಲ್ಲದ ಗಾಳಿ ಬೇಕು. ಮೇಪಲ್ ನೆಲಕ್ಕೆ ಹೇಳುವ ಆರ್ದ್ರತೆ ಸುಮಾರು ಶೇ 35ರಿಂದ 50. ಮಲೆನಾಡಿನ ಸೆರಗಿನಲ್ಲಿ ಆಷಾಢ ಶ್ರಾವಣದ ಗಾಳಿ ಶೇ 80 ದಾಟುತ್ತದೆ.

ಈ ನಾಲ್ಕು ಊರುಗಳಿಗೆ ಒಂದೇ ನಮೂನೆಯ ಅಂದಾಜುಪಟ್ಟಿ ಹೊಂದದಿರುವುದು ಇದಕ್ಕೇ. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಚನ್ನಗಿರಿಯದು ಅಡಕೆ ತೋಟ, ನಾಲೆ ನೀರು, ಶಾಂತಿಸಾಗರದ ಸೀಮೆ. ಹೊನ್ನಾಳಿ ತುಂಗಭದ್ರೆಯ ದಂಡೆ. ಇಲ್ಲಿ ನೆಲಹಾಸಿನ ಶತ್ರು ಅಡಿಯಿಂದ ಏರುವ ತೇವ, ಮರವಾದರೆ ಜೊತೆಗೆ ಗೆದ್ದಲು. ಬರದ ಸೀಮೆ ಜಗಳೂರಿನಲ್ಲಿ ಧೂಳು. ಶೂಗಳಿಗೆ ಅಂಟಿ ಬರುವ ಮರಳಿನ ಕಣ ಯಾವ ಲೇಪವನ್ನಾದರೂ ಉಜ್ಜಿ ತೆಗೆಯುತ್ತದೆ. ಎರೆಭೂಮಿಯ ಮೇಲೆ ಕಟ್ಟಿದರೆ ಇನ್ನೊಂದು ಪೇಚು: ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಕಾಂಕ್ರೀಟ್ ಚಪ್ಪಡಿಯನ್ನೇ ಬಿರಿಯಿಸುತ್ತದೆ, ಆ ಬಿರುಕು ಮೇಲಿನ ಹಾಸಿಗೂ ಏರುತ್ತದೆ.

ವಿನೈಲ್ ಗುಳ್ಳೆ ಎದ್ದರೆ ಬೈಗುಳ ಕಂಪನಿಗೆ. ತಪ್ಪು ಬಹಳ ಸಲ ಚಪ್ಪಡಿಯದು. ಅದರಡಿಯಲ್ಲಿ ದಪ್ಪ ಪಾಲಿಥೀನ್ ತೇವತಡೆ ಹಾಸಿರಬೇಕು. 28 ದಿನ ಕ್ಯೂರಿಂಗ್ ಮುಗಿದರೆ ಕಾಂಕ್ರೀಟ್ ಗಟ್ಟಿಯಾಯಿತೇ ಹೊರತು ಒಣಗಿತೆಂದಲ್ಲ. 100 ಮಿಲಿಮೀಟರ್ ದಪ್ಪದ ಚಪ್ಪಡಿ ಒಣಗಲು ತಿಂಗಳುಗಳೇ ಬೇಕು. ಸುಲಭದ ಪರೀಕ್ಷೆಯೊಂದಿದೆ. ಸುಮಾರು 45 ಸೆಂಟಿಮೀಟರ್ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ಎತ್ತಿ ನೋಡುವುದು. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ, ಇಲ್ಲವೇ ಕಾಂಕ್ರೀಟ್ ಕಪ್ಪಿಟ್ಟಿದ್ದರೆ ಅಂಟು ಹಿಡಿಯದು. ಹಾಳೆ ಒಣಗಿದ್ದರೂ ಮೀಟರ್ ಇಟ್ಟು ಖಾತ್ರಿ ಮಾಡಿಕೊಳ್ಳುವುದು ಕ್ಷೇಮ.

ಮೇಲ್ಪದರಗಳಲ್ಲಿ ವಿನೈಲ್ ಹಾಸು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಕೂಟಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಸುರುಳಿಯಾಗಿ ಬರುವ ಅದರ ಜೋಡಣೆಗಳನ್ನು ಬಿಸಿಯಿಂದ ಬೆಸೆಯಬೇಕು. ಪಾಲಿಯುರೆಥೇನಿಗೆ ಜೋಡಣೆಯೇ ಇಲ್ಲ, ಹಾಳಾದ ಜಾಗ ಕತ್ತರಿಸಿ ತುಂಬಬಹುದು. ಸುರಿಯುವವನ ಕೈ ಪಳಗಿರಬೇಕು ಅಷ್ಟೇ. ಹೊರಾಂಗಣಕ್ಕೆ ಬಳಸುವ ತೆಳು ಅಕ್ರಿಲಿಕ್ ಲೇಪ ಬಣ್ಣ ಕೊಡುತ್ತದೆ, ಮೆತ್ತನೆ ಕೊಡುವುದಿಲ್ಲ. ನುಣುಪು ವಿಟ್ರಿಫೈಡ್ ಟೈಲ್ಸ್ ಅಂತೂ ಆಟದ ಅಂಕಣಕ್ಕೆ ಬರಲೇಬಾರದು.

ಆಟದ ಹೊರಗಿನ ಬಳಕೆಯನ್ನು ಬೇಡವೆಂದರೂ ತಪ್ಪಿಸಲಾಗದು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಬಾಲ್ಯದಲ್ಲಿ ಆಡಿದ್ದು ಬೆಂಗಳೂರಿನ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆ ಹಾಲ್. ಮದುವೆ ಇಲ್ಲದ ದಿನವಷ್ಟೇ ಆಟ. ಕುರ್ಚಿಯ ಕಬ್ಬಿಣದ ಕಾಲು, ವೇದಿಕೆಯ ಕಂಬ, ಚೆಲ್ಲಿದ ಸಾಂಬಾರು ಇವಕ್ಕೆಲ್ಲ ಲೆಕ್ಕ ಇಟ್ಟೇ ನೆಲ ಆರಿಸಬೇಕು. ಮೇಲೆ ಹಾಸಿ ಸುತ್ತಿಡುವ ರಕ್ಷಣಾ ಹಾಳೆಯ ಖರ್ಚನ್ನು ಮೊದಲ ಅಂದಾಜಿನಲ್ಲೇ ಸೇರಿಸಬೇಕು.

ಒಂದೇ ನೆಲದಲ್ಲಿ 28×15 ಮೀಟರ್ ಬ್ಯಾಸ್ಕೆಟ್‌ಬಾಲ್, 18×9ರ ವಾಲಿಬಾಲ್, 13.40×6.10ರ ಬ್ಯಾಡ್ಮಿಂಟನ್ ಗೆರೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ಎಳೆಯಬಹುದು. ಪುರುಷರ ಕಬಡ್ಡಿಯ 13×10 ಮೀಟರ್ ಅಂಕಣಕ್ಕೆ ಗೆರೆ ಸಾಲದು, ಒಂದಕ್ಕೊಂದು ಹಲ್ಲುಕಚ್ಚುವ ನೊರೆ ಮ್ಯಾಟ್ ಬೇಕು. ಆಟ ಮುಗಿದ ಮೇಲೆ ಅವನ್ನು ಜೋಡಿಸಿಡಲು ಒಣ ಕೋಣೆಯೂ ಬೇಕು. ನಕ್ಷೆಯಲ್ಲಿ ಸುಲಭವಾಗಿ ಮರೆತುಹೋಗುವುದು ಈ ಕೋಣೆಯೇ.

ಒಟ್ಟಿನಲ್ಲಿ, ಹವಾನಿಯಂತ್ರಣವೂ ಕಾಯಂ ನಿರ್ವಹಣಾ ಸಿಬ್ಬಂದಿಯೂ ಇಲ್ಲದ ತಾಲ್ಲೂಕು ಕೇಂದ್ರಕ್ಕೆ ತೇವತಡೆಯಿರುವ ಚಪ್ಪಡಿ, ಅದರ ಮೇಲೆ ಶೇ 35ಕ್ಕೆ ಕಡಿಮೆಯಿಲ್ಲದಂತೆ ಆಘಾತ ಹೀರುವ ವಿನೈಲ್ ಅಥವಾ ಪಾಲಿಯುರೆಥೇನ್, ಜೊತೆಗೆ ಕಬಡ್ಡಿ ಮ್ಯಾಟ್ ಸರಿಹೊಂದುತ್ತವೆ. ಜಗಳೂರಿನಲ್ಲಿ ಬಾಗಿಲ ಬಳಿ ಧೂಳು ಕೊಡವುವ ಉದ್ದನೆಯ ಕಾಲೊರಸು ಕಡ್ಡಾಯ. ಟೆಂಡರಿನಲ್ಲಿ ‘ಉತ್ತಮ ಗುಣಮಟ್ಟದ ಸಿಂಥೆಟಿಕ್ ನೆಲ’ ಎಂದು ಬರೆದು ಕೈತೊಳೆದುಕೊಳ್ಳದೆ ದಪ್ಪ, ಆಘಾತ ಹೀರಿಕೆ, ಘರ್ಷಣೆಗಳ ಅಂಕಿಗಳನ್ನೂ ಪ್ರಯೋಗಾಲಯದ ವರದಿಯನ್ನೂ ಕೇಳಬೇಕು. ಹಾಸಿದ ಮೇಲೆ ಅದೇ ಪರೀಕ್ಷೆಯನ್ನು ಸ್ಥಳದಲ್ಲಿ ಮಾಡಿಸಿ, ಬಿಲ್ಲಿಗೆ ಸಹಿ ಹಾಕುವುದು ಆಮೇಲೆ.